ಹೊಗೆಮುಕ್ತ ಮನೆಯ ಹಿತ್ತಲು

ನಮ್ಮ ಮನೆಯ ತಲೆಬಾಗಿಲಿಗೆ ಆ ಬೋರ್ಡು ಹೊಡೆದವಳು ನಾನೇ. ಹಸಿರು ತಗಡು, ಬಿಳಿ ಅಕ್ಷರ: ‘ಇದು ಹೊಗೆಮುಕ್ತ ಮನೆ.’ ಅದರ ಕೆಳಗೆ ಅಡ್ಡಗೆರೆ ಎಳೆದ ಒಂದು ಸಿಗರೇಟಿನ ಚಿತ್ರ. ಹುಣಸೂರು ತಾಲ್ಲೂಕಿನ ನಮ್ಮೂರಿಗೆ ಬಂದ ಮೊದಲ ಬೋರ್ಡು ನಮ್ಮ ಮನೆಗೇ ಸಿಕ್ಕಿತೆಂದು ಅಪ್ಪ ತಾನೇ ಸುತ್ತಿಗೆ ಮೊಳೆ ತಂದುಕೊಟ್ಟು, ‘ಎಡಕ್ಕೆ ಒಸಿ ಎತ್ತು, ಈಗ ಸರಿಯಾಯ್ತು’ ಎಂದು ಅಂಗಳದಲ್ಲಿ ನಿಂತು ಹೇಳುತ್ತಿದ್ದ. ದಾರದ ಉಂಡೆಗಳನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಹಿತ್ತಲಿಗೆ ಹೊರಟಿದ್ದ ಎಂಟೊಂಬತ್ತು ವರ್ಷದ ಒಂದು ಹುಡುಗಿ ಬಾಗಿಲ ಮುಂದೆ ನಿಂತಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಮುಕ್ತ’ ಅನ್ನುವಲ್ಲಿ ತಡವರಿಸಿ, ಮತ್ತೆ ಹಿಂದಕ್ಕೆ ಹೋಗಿ, ಕೊನೆಗೂ ಸರಿಯಾಗಿ ಹೇಳಿದಳು. ನಾನು ಏಣಿಯ ಮೇಲಿಂದಲೇ ಭೇಷ್ ಅಂದೆ. ಅವಳು ನಾಚಿಕೊಂಡು ಹಿತ್ತಲಿಗೆ ಓಡಿದಳು. ಹಿತ್ತಲಲ್ಲಿ ನಮ್ಮ ಎರಡು ಹೊಗೆಸೊಪ್ಪಿನ ಬ್ಯಾರನ್‌ಗಳಿದ್ದವು.

ಈಗ ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆವತ್ತು ಏನೂ ಆಗಲಿಲ್ಲ. ಕೆಳಗಿಳಿದು ಕೈ ತೊಳೆದು ಉಪ್ಪಿಟ್ಟು ತಿಂದೆ.

ನಮ್ಮ ಕಡೆಯವರಲ್ಲದವರಿಗೆ ಎರಡು ಮಾತು ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಕೆಂಪುಮಣ್ಣಿನ ಹೊಲಗಳಲ್ಲಿ ಮುಂಗಾರು ಹಿಡಿಯಿತೆಂದರೆ ಹೊಗೆಸೊಪ್ಪೇ. ಆಷಾಢದಿಂದ ಮಹಾಲಯ ಅಮಾವಾಸ್ಯೆಯವರೆಗೆ, ಬುಡದ ಎಲೆಯಿಂದ ಶುರುಮಾಡಿ ಸುತ್ತು ಸುತ್ತಾಗಿ ಸೊಪ್ಪು ಮುರಿಯುತ್ತಾರೆ. ಮುರಿದ ಸೊಪ್ಪು ಕಾಯುವುದಿಲ್ಲ. ಅವತ್ತೇ ಅದನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ನಿನೊಳಗೆ ಸಾಲು ಸಾಲಾಗಿ ನೇತುಹಾಕಿ ಸೌದೆ ಉರಿಯಲ್ಲಿ ಬೇಯಿಸಬೇಕು. ಬ್ಯಾರನ್ ಅಂದರೆ ಕಿಟಕಿಯಿಲ್ಲದ ಎತ್ತರದ ಇಟ್ಟಿಗೆ ಕೋಣೆ. ಹಸಿರಾಗಿ ಹೋದದ್ದು ಹಳದಿಯಾಗಿ ಹೊರಗೆ ಬಂದು, ಒತ್ತಿ ಕಟ್ಟಿದ ಬೇಲ್ ಆಗಿ ಹರಾಜಿಗೆ ಹೋಗುತ್ತದೆ. ಅಲ್ಲಿಂದಾಚೆಗೆ ಅದು ಯಾರ ಎದೆಗೂಡು ಸೇರುತ್ತದೆ ಎಂದು ನಮ್ಮೂರಲ್ಲಿ ಯಾರೂ ಕೇಳಿದವರಲ್ಲ. ಹೆಂಡ ಮಾರುವವನು ಮನೆಯಲ್ಲಿ ಮಜ್ಜಿಗೆ ಕುಡಿದ ಹಾಗೆ, ಅಪ್ಪ ಜನ್ಮದಲ್ಲಿ ಬೀಡಿ ಮುಟ್ಟಿರಲಿಲ್ಲ. ‘ನಮ್ಮನೇಲಿ ಒಬ್ರಿಗೂ ಆ ಚಟ ಇಲ್ಲ ಕಣ್ರೀ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅದು ಸುಳ್ಳೇನೂ ಅಲ್ಲ. ಅಂಥ ಸತ್ಯಗಳೇ ನನಗೆ ಈಗ ಹೆಚ್ಚು ಹೇಸಿಗೆ ಹುಟ್ಟಿಸುವುದು.

ಮುರಿಯುವುದು ಗಂಡಸರ ಕೆಲಸ, ಕಟ್ಟುವುದು ಹೆಂಗಸರು ಮಕ್ಕಳ ಕೆಲಸ. ಸಣ್ಣ ಬೆರಳು ಚುರುಕು ಅನ್ನುವುದು ನಮ್ಮಲ್ಲಿ ಗಾದೆಯಷ್ಟೇ ಗಟ್ಟಿ ಮಾತು. ನಾನೂ ಕಟ್ಟಿ ಬೆಳೆದವಳೇ. ಬೆಳಗಿನ ಇಬ್ಬನಿಯಲ್ಲಿ ತೊಯ್ದ ಸೊಪ್ಪು ಮಡಿಲಿಗೆ ಬಿದ್ದರೆ ಲಂಗ ತೊಡೆಗೆ ಅಂಟಿಕೊಳ್ಳುತ್ತಿತ್ತು. ಎರಡು ಕಡ್ಡಿ ಮುಗಿಯುವಷ್ಟರಲ್ಲಿ ಕೈಗೆ ಕರ್ರಗೆ ಅಂಟು ಹಿಡಿಯುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ, ಬೂದಿ ಹಾಕಿ ತಿಕ್ಕಿ ತೊಳೆದು ಊಟಕ್ಕೆ ಕೂತರೂ ಮೊದಲ ತುತ್ತಿನ ಮುದ್ದೆ ಕಹಿ. ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗಿ, ಬಾಯಲ್ಲಿ ನೀರು ಒಡೆದು, ಬ್ಯಾರನ್ನಿನ ಹಿಂದಿನ ಹುಣಸೆಮರದ ಬುಡಕ್ಕೆ ಓಡಿ ಕಕ್ಕಿಕೊಂಡು ಬರುತ್ತಿದ್ದೆವು. ‘ಸೊಪ್ಪು ತಲೆಗೆ ಹತ್ತೈತೆ’ ಎಂದು ಅಮ್ಮ ಬೆಲ್ಲ ಹುಣಸೆಹಣ್ಣಿನ ಪಾನಕ ಕುಡಿಸುತ್ತಿದ್ದಳು. ಅದನ್ನು ಕಾಯಿಲೆ ಎಂದು ಯಾರೂ ಕರೆಯುತ್ತಿರಲಿಲ್ಲ. ಹೊಸ ಮೆಟ್ಟು ಕಚ್ಚಿದ ಹಾಗೆ, ನಾಲ್ಕು ದಿನ ಇದ್ದು ಹೋಗುವಂಥದ್ದು.

ಬಿ.ಎ. ಮುಗಿಸಿ, ಗಂಡು ನೋಡುವವರು ಬರಲಿ ಎಂದು ಮನೆಯಲ್ಲಿ ಕೂತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಆಗ ಮೈಸೂರಿನಿಂದ ಒಬ್ಬ ಡಾಕ್ಟರು ನಮ್ಮ ಕಡೆ ಸಂಶೋಧನೆಗೆ ಬಂದರು. ಮಕ್ಕಳಿರುವ ಮನೆಗಳಲ್ಲಿ ದೊಡ್ಡವರಿಗೆ ಬೀಡಿ ಸಿಗರೇಟು ಬಿಡಿಸುವುದು ಹೇಗೆ, ಅವರು ಬಿಟ್ಟರೆ ಮಕ್ಕಳ ಮೈಯಿಂದ ಆ ವಿಷ ಎಷ್ಟು ಇಳಿಯುತ್ತದೆ ಅನ್ನುವುದು ಅವರ ವಿಷಯ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ನಾಲ್ಕು ತಾಲ್ಲೂಕು ಸುತ್ತಲು ಆರು ಜನ ಹುಡುಗ ಹುಡುಗಿಯರನ್ನು ತೆಗೆದುಕೊಂಡರು. ಅವರಲ್ಲಿ ನಾನೊಬ್ಬಳು. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಫಾರಂ ತುಂಬುವುದು, ಬೀಡಿ ಬಿಡಿ ಎಂದು ಬುದ್ಧಿ ಹೇಳುವುದು, ಸೇದುವವರಿಲ್ಲದ ಮನೆಗೆ ಆ ಹಸಿರು ಬೋರ್ಡು ಕೊಡುವುದು, ಮಕ್ಕಳ ಉಚ್ಚೆಯನ್ನು ಸಣ್ಣ ಬಾಟಲಿಯಲ್ಲಿ ಹಿಡಿದು, ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಸಂಜೆಯ ಬಸ್ಸಿಗೆ ಮೈಸೂರಿಗೆ ಕಳಿಸುವುದು. ಹೊಗೆಸೊಪ್ಪಿನ ವಿಷ ಮೈಗೆ ಹೋಗಿದ್ದರೆ ಉಚ್ಚೆಯಲ್ಲಿ ಗೊತ್ತಾಗುತ್ತದಂತೆ.

ಪಿರಿಯಾಪಟ್ಟಣದ ಹಾದಿಯ ಕಂಪಲಾಪುರದಲ್ಲಿ ಬಸ್ಸಿಳಿದರೆ ಸಾಕು, ‘ಉಚ್ಚೆ ಮೇಡಮ್ಮು ಬಂದ್ರು, ಎಲ್ಲಾ ತಡ್ಕೊಳ್ರಲಾ’ ಎಂದು ಹೋಟೆಲಿನ ಮುಂದೆ ಕೂತವರು ಕೂಗುತ್ತಿದ್ದರು. ನನಗೆ ಕೋಪ ಬರುತ್ತಿತ್ತು, ನಗುವೂ ಬರುತ್ತಿತ್ತು. ಕಂಡಕ್ಟರು ಡಬ್ಬಿಯನ್ನು ನೋಡಿ, ‘ಮೀನೇನ್ರಮ್ಮ?’ ಎಂದು ಕೇಳಿದರೆ ಹೌದು ಅನ್ನುತ್ತಿದ್ದೆ.

ಡಾಕ್ಟರನ್ನು ನಾವು ಸರ್ ಎಂದೇ ಕರೆಯುತ್ತಿದ್ದೆವು. ಕೆಟ್ಟವರೆಂದು ಹೇಳಲಾರೆ. ಮಕ್ಕಳನ್ನು ಕಂಡರೆ ನಿಜವಾಗಿ ಕಾಳಜಿ ಇತ್ತು. ಆದರೆ ಹಳ್ಳಿಯ ಮನೆಯಲ್ಲಿ ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ ಬಾಗಿಲಲ್ಲೇ ನಿಂತು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಿದ್ದರು. ಅವರದೊಂದು ಮಾತಿತ್ತು, ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು: ‘ದೊಡ್ಡವರು ಸುಳ್ಳು ಹೇಳ್ತಾರೆ. ಮಕ್ಕಳ ಯೂರಿನ್ ಸುಳ್ಳು ಹೇಳಲ್ಲ.’ ಅದಕ್ಕೇ ಬೀಡಿ ಬಿಟ್ಟೆ ಅಂದವರ ಮಾತನ್ನು ಅವರು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಮನೆಯ ಮಗುವಿನ ಬಾಟಲಿ ಹೇಳಿದ್ದೇ ತೀರ್ಪು.

ತರಬೇತಿಯಲ್ಲಿ, ಬಾಟಲಿ ಚೀಟಿ ಎಲ್ಲ ಸರಿಯಾಗಿ ಹೋಗಿ ಬರುತ್ತದೆಯೇ ಎಂದು ನೋಡಲು ಮೊದಲು ನಮ್ಮ ಆರು ಜನರದ್ದನ್ನೇ ಕಳಿಸಿದ್ದರು. ಆಷಾಢದ ಒಂದು ಸೋಮವಾರ ಅದು. ಹಿಂದಿನ ದಿನ ಭಾನುವಾರ ಮನೆಯಲ್ಲಿ ಆಳು ಸಾಲದೆ ನಾನೂ ಕೂತು ಹಸಿ ಸೊಪ್ಪು ಕಟ್ಟಿದ್ದೆ. ಫಲಿತಾಂಶ ಬಂದಾಗ ಐವರದು ಸ್ವಚ್ಛ. ನನ್ನದು ಮಾತ್ರ ದಿನಕ್ಕೊಂದು ಕಟ್ಟು ಬೀಡಿ ಸೇದುವವರ ಹಾಗೆ. ‘ಏನಮ್ಮಾ, ಬಚ್ಚಲುಮನೇಲಿ ಕದ್ದು ಸೇದ್ತೀಯಾ?’ ಎಂದರು ಸರ್. ಉಳಿದವರೆಲ್ಲ ಬಿದ್ದು ಬಿದ್ದು ನಕ್ಕರು.

ನನಗೆ ಆ ಕ್ಷಣವೇ ಗೊತ್ತಾಯಿತು. ಬಾಯಲ್ಲಿ ನೀರು ಒಡೆಯುವುದು, ಹುಣಸೆಮರದ ಬುಡ, ಕಹಿ ಮುದ್ದೆ, ಎಲ್ಲ ಒಟ್ಟಿಗೇ ನೆನಪಾಯಿತು. ಸೇದಬೇಕಾಗಿಯೇ ಇಲ್ಲ, ಅದು ಕೈಯ ಚರ್ಮದಿಂದಲೇ ಒಳಗೆ ಹೋಗುತ್ತದೆ. ‘ನಿನ್ನೆ ಸೊಪ್ಪು ಕಟ್ಟಿದ್ದೆ ಸರ್’ ಎಂದು ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ವರ್ಷ ಸೊಪ್ಪು ಕಟ್ಟುವುದಕ್ಕೆ ಮಕ್ಕಳನ್ನು ಕೂರಿಸುವ ಬ್ಯಾರನ್‌ಗಳ ಲೈಸೆನ್ಸಿಗೆ ತೊಂದರೆಯಂತೆ ಎಂದು ಊರಲ್ಲಿ ಗುಸುಗುಸು ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ‘ಬಾಟ್ಲಿ ಅದಲುಬದಲಾಗಿರಬೇಕು ಸರ್’ ಅಂದೆ. ಅವರು ಒಪ್ಪಿಕೊಂಡು, ಮುಂದೆ ಚೀಟಿಗಳನ್ನು ಎರಡೆರಡು ಸಲ ನೋಡಬೇಕೆಂದು ಎಲ್ಲರಿಗೂ ಬೈದರು.

ಬೋರ್ಡು ಓದಿದ ಹುಡುಗಿಯ ಮನೆ ನನ್ನ ಪಾಲಿಗೇ ಬಂತು. ಊರ ಕೊನೆಯ ಒಂದೇ ಅಂಕಣದ ಮನೆ. ತಾಯಿ ತೀರಿಕೊಂಡಿದ್ದಳು. ತಂದೆ ಗಡಿಯ ಕೊಪ್ಪ ದಾಟಿ ಕೊಡಗಿನ ಕಾಫಿತೋಟಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ಮಗುವಿಗೆ ಇದ್ದವನು ತಾಯಿಯ ತಂದೆಯೊಬ್ಬನೇ. ಆ ತಾತ ಕೈಕಾಲು ಗಟ್ಟಿ ಇರುವವರೆಗೂ ನಮ್ಮ ಮನೆಯಲ್ಲೇ ದುಡಿದವನು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲ ತೋರಿಸಿದವನು. ಈಗ ಕುರಿ ಮೇಯಿಸುತ್ತಿದ್ದ. ಅವನ ಬದಲಿಗೆ ಮೊಮ್ಮಗಳು ಇಸ್ಕೂಲಿಗೆ ಮುಂಚೆ, ಇಸ್ಕೂಲು ಬಿಟ್ಟ ಮೇಲೆ, ಸೊಪ್ಪು ಮುರಿದ ದಿನ ಇಸ್ಕೂಲಿಗೇ ಹೋಗದೆ ನಮ್ಮ ಹಿತ್ತಲಲ್ಲಿ ಕೂರುತ್ತಿದ್ದಳು.

ನಾನು ಫಾರಂ ಬಿಚ್ಚಿ ಕೂತಿದ್ದೆ. ತಾತ ಕಿವಿಯ ಸಂದಿನಿಂದ ಬೀಡಿ ತೆಗೆದು ಮಗುವಿನ ಕಡೆ ಚಾಚಿದ. ಅವಳು ತೆಗೆದುಕೊಂಡು ಒಲೆಯ ಹತ್ತಿರ ಹೋಗಿ, ಕೆಂಡಕ್ಕೆ ಹಿಡಿದು, ಬಾಯಿಗಿಟ್ಟು ಎರಡು ಸಲ ಎಳೆದಳು. ತುದಿ ಕೆಂಪಾದ ಮೇಲೆ ತಂದು ಅವನ ಕೈಗೆ ಕೊಟ್ಟಳು. ನೀರು ತಂದುಕೊಟ್ಟಷ್ಟು ಸಹಜವಾಗಿ.

‘ಮನೇಲಿ ಹದಿನಾಲ್ಕು ವರ್ಷದ ಕೆಳಗಿನವರು ಯಾರಾದ್ರೂ ಸೇದ್ತಾರಾ?’ ಫಾರಮ್ಮಿನ ಪ್ರಶ್ನೆ ಅದು.

‘ಬುಡ್ತು ಅನ್ನವ್ವಾ! ಎಂಥ ಮಾತಾಡೀಯೆ’ ಎಂದು ತಾತ ಸಿಟ್ಟಾದ.

‘ಮತ್ತೆ ಈಗ ಇವಳು ಮಾಡಿದ್ದು?’

‘ಅದು ಅಚ್ಕೊಡೋದು ಕಣವ್ವ. ಸೇದೋದಲ್ಲ.’

ನನಗೆ ಮೈಯೆಲ್ಲ ಉರಿಯಿತು. ನಮ್ಮೂರಲ್ಲಿ ಇದು ಎಲ್ಲರ ಮನೆಯ ಪದ್ಧತಿ, ನಾನೇ ನೂರು ಸಲ ಕಂಡಿದ್ದೆ, ಆದರೆ ಫಾರಂ ಮುಂದಿಟ್ಟುಕೊಂಡು ನೋಡಿದಾಗ ಅಸಹ್ಯವಾಯಿತು. ಚೆನ್ನಾಗಿ ಬೈದೆ. ಅವಳ ಪುಪ್ಪುಸಕ್ಕೆ ನೀನೇ ಕೊಳ್ಳಿ ಇಡುತ್ತಿದ್ದೀಯ ಅಂದೆ. ಕಲಿತ ಮಾತು, ಕಲಿತ ಕೋಪ. ಮಗುವಿನ ಬಾಟಲಿಯ ಫಲಿತಾಂಶ ಬಂದಾಗ ಅದು ನನ್ನ ಬಾಟಲಿಗಿಂತಲೂ ಜಾಸ್ತಿ ಇತ್ತು. ಅದನ್ನೂ ಓದಿ ಹೇಳಿದೆ. ತಾತ ಕೈಯಲ್ಲಿದ್ದ ಬೀಡಿಯನ್ನು ಬಹಳ ಹೊತ್ತು ನೋಡಿದ. ‘ಒಸಿ ದಿನದಿಂದ ಇವ್ಳು ಕಕ್ಕೋತಾವ್ಳೆ ಕಣವ್ವ, ಅನ್ನ ಇಳೀತಿಲ್ಲ. ಇದ್ರಿಂದ್ಲೇನಾ?’ ಎಂದು ಕೇಳಿದ.

‘ಇದರಿಂದಲೇ’ ಅಂದೆ.

ಆ ಒಂದು ಮಾತನ್ನು ಹೇಗೆ ಹೇಳಿದೆನೋ. ಅರ್ಧ ನಿಜವಿತ್ತು ಎಂದು ಆವತ್ತು ಸಮಾಧಾನ ಮಾಡಿಕೊಂಡೆ. ಹಚ್ಚಿಕೊಟ್ಟ ಹೊಗೆಯೂ ಹೋಗಿರುತ್ತದಲ್ಲ.

ತಾತ ಅವತ್ತೇ ಬೀಡಿ ಬಿಟ್ಟ. ಮಿಕ್ಕಿದ್ದ ಕಟ್ಟನ್ನು ಎಸೆಯಲಿಲ್ಲ, ಜಂತಿಗೆ ನೇತುಹಾಕಿದ. ‘ಎದುರಿಗಿದ್ರೇ ಗೊತ್ತಾಗದು ಕಣವ್ವ, ಗೆದ್ದೋನು ನಾನೋ ಅದೋ ಅಂತ.’ ಹುರಿದ ಹುಣಸೆಬೀಜವನ್ನು ಸೊಂಟದ ಚೀಲದಲ್ಲಿ ತುಂಬಿಕೊಂಡು ದಿನವಿಡೀ ಕಡಿಯುತ್ತಿದ್ದ. ಟೀ ಅಂಗಡಿಯ ಮುಂದೆ ಅವನ ವಾರಿಗೆಯವರು ಬೇಕೆಂದೇ ಮುಖಕ್ಕೆ ಹೊಗೆ ಬಿಡುತ್ತಿದ್ದರು. ‘ಬೆಳಿಗ್ಗೆ ಬೀಡಿ ಇಲ್ದೆ ಕೆರೆ ಕಡೆ ಓದ್ರೆ ಏನೂ ನಡೆಯಂಗಿಲ್ಲ, ಸುಮ್ಕೆ ಕೂತು ಎದ್ದು ಬತ್ತೀನಿ’ ಎಂದು ನನ್ನ ಹತ್ತಿರವೇ ಹೇಳಿಕೊಂಡು ನಕ್ಕ. ಕುರಿಗಳಿಗೆ ಸುಮ್ಮಸುಮ್ಮನೆ ಬೈಯುತ್ತಿದ್ದ. ಮೊಮ್ಮಗಳು ದಿನಾ ಜಂತಿಯ ಕಟ್ಟನ್ನು ಇಳಿಸಿ ಎಣಿಸಿ, ಹಿತ್ತಲಿಗೆ ಬಂದ ಕೂಡಲೇ ನನಗೆ ವರದಿ ಒಪ್ಪಿಸುತ್ತಿದ್ದಳು. ‘ಅಕ್ಕ, ಒಂದೂ ಕಮ್ಮಿ ಆಗಿಲ್ಲ.’ ಆಮೇಲೆ ಸೊಪ್ಪಿನ ರಾಶಿಯ ಪಕ್ಕ ಕೂತು ಕಟ್ಟಲು ಶುರುಮಾಡುತ್ತಿದ್ದಳು.

ಭಾದ್ರಪದದ ಒಂದು ಬೆಳಿಗ್ಗೆ ಅವಳು ಹುಣಸೆಮರದ ಬುಡದಲ್ಲಿ ಬಗ್ಗಿ ನಿಂತಿದ್ದಳು. ಹಸಿರು ನೀರು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ನಾನು ಹಣೆ ಹಿಡಿದುಕೊಂಡೆ. ಅಮ್ಮ ಪಾನಕ ತಂದಳು. ‘ಅಂಟು ಕೈಲಿ ಬಾಯಿ ಒರೆಸ್ಕೋಬೇಡ’ ಎಂದು ಬುದ್ಧಿ ಹೇಳಿದೆ. ನಾನು ಮಾಡಿದ್ದು ಅಷ್ಟೇ. ಇನ್ನೂ ಒಂದು ಮಾಡಿದೆ: ಮಕ್ಕಳ ಉಚ್ಚೆಯನ್ನು ಎರಡನೇ ಸಲ ಹಿಡಿಯುವ ದಿನ ಹತ್ತಿರ ಬಂದಿತ್ತು, ಅವಳಿಗೆ ಚೀಟಿ ಅಂಟಿಸಿದ ಬಾಟಲಿ ಕೊಟ್ಟೆ.

ಅಷ್ಟರಲ್ಲಿ ಬೇರೆ ಊರುಗಳ ಫಲಿತಾಂಶಗಳು ಬರತೊಡಗಿದ್ದವು. ಕೃಷ್ಣರಾಜನಗರದ ನಾಲೆ ಬಯಲಿನ ಭತ್ತದ ಊರುಗಳಲ್ಲಿ ತಾತಂದಿರು ಒಂದು ಬೀಡಿಯಿಂದ ಇನ್ನೊಂದು ಹಚ್ಚುತ್ತಿದ್ದರು, ಮಕ್ಕಳ ಬಾಟಲಿಯಲ್ಲಿ ಮಾತ್ರ ಅಷ್ಟೇನಿಲ್ಲ. ಹುಣಸೂರು ಪಿರಿಯಾಪಟ್ಟಣದ ಕಡೆ ಮಕ್ಕಳದ್ದು ಏರಿ ಕೂತಿತ್ತು. ಸರ್ ತಲೆ ಕೆಡಿಸಿಕೊಂಡು, ಕೊನೆಗೆ ‘ಈ ಕಡೆ ಮನೆಗಳಿಗೆ ಕಿಟಕಿ ಚಿಕ್ಕದು’ ಎಂದು ತೀರ್ಮಾನಿಸಿದರು. ನನ್ನ ಕೈಗೆ ಟೇಪು ಕೊಟ್ಟು ಕಿಟಕಿ ಅಳೆಯಲು ಕಳಿಸಿದರು. ನಾನು ಅಳೆದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ಕೈಗೆ ಕಾದ ಕಬ್ಬಿಣ ತಂದುಕೊಡುವ ಕೆಲಸ ನನ್ನದಾಗಿತ್ತು.

ಬೀಡಿ ಬಿಟ್ಟವರಿಗೆ ಬೋರ್ಡು ಹಂಚಲು ಸರ್ ನಮ್ಮೂರ ಇಸ್ಕೂಲಿನ ಜಗಲಿಗೆ ಬಂದರು. ತಾತ ಒಗೆದ ಅಂಗಿ ಹಾಕಿಕೊಂಡು, ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿಸಿ ಕರೆತಂದಿದ್ದ. ಬಾಗಿಲ ಚೌಕಟ್ಟಿಗೆ ಆಗಲೇ ಎರಡು ಮೊಳೆ ಹೊಡೆದು ಬಂದಿದ್ದೇನೆ ಎಂದು ಪಕ್ಕದವನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಒಬ್ಬೊಬ್ಬರನ್ನೇ ಕರೆದು ಬೋರ್ಡು ಕೊಟ್ಟರು. ಅವನ ಸರದಿ ಬಂದಾಗ ಸರ್ ಕಾಗದ ನೋಡಿ, ‘ಇವರಿಗೆ ಇಲ್ಲ’ ಅಂದರು.

‘ಯಾಕ್ ಸ್ವಾಮಿ?’

‘ಅಜ್ಜ, ಮಗು ಯೂರಿನ್ ನೋಡಿದ್ರೆ ನೀವು ಮೊದಲಿಗಿಂತ ಜಾಸ್ತಿ ಸೇದ್ತಿದೀರಿ. ಈ ವಯಸ್ಸಲ್ಲಿ ಸುಳ್ಳು ಯಾಕೆ? ಸೇದ್ತೀನಿ ಅಂತ ಹೇಳಿಬಿಡಿ, ನಮಗೇನೂ ಬೇಜಾರಿಲ್ಲ.’

ತಾತ ಸೊಂಟದಿಂದ ಬೀಡಿಯ ಕಟ್ಟು ತೆಗೆದ. ಮಸಿ ಹಿಡಿದು ಕಪ್ಪಾಗಿತ್ತು. ಎಣಿಸಿಕೊಳ್ಳಿ ಅಂದ. ಸರ್ ನಕ್ಕು, ‘ಅಂಗಡೀಲಿ ಹೊಸ ಕಟ್ಟು ಸಿಗಲ್ವಾ ಅಜ್ಜ?’ ಎಂದರು. ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಹೊಸ ಬೋರ್ಡು ಕಂಕುಳಲ್ಲಿಟ್ಟುಕೊಂಡವರು ಇನ್ನೂ ಜೋರಾಗಿ ನಕ್ಕರು, ಅವರಲ್ಲಿ ಇಬ್ಬರು ಕೆರೆ ಏರಿಯ ಹಿಂದೆ ಕೂತು ಸೇದುತ್ತಿದ್ದುದು ನನಗೆ ಗೊತ್ತಿತ್ತು. ಅವರ ಮನೆಯ ಮಕ್ಕಳು ಸೊಪ್ಪು ಕಟ್ಟುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ತಾತ ನನ್ನ ಕಡೆ ತಿರುಗಿದ. ‘ನೀನೇಳವ್ವ. ದಿನಾ ನೋಡಿದ್ದೀಯೆ. ನೀನೇಳು ಇವ್ರಿಗೆ.’

ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದ. ನಾನು ಫಾರಂ ನೋಡಿಕೊಂಡು, ‘ರಿಪೋರ್ಟ್ ಹಂಗೇ ಬಂದೈತೆ ತಾತ’ ಅಂದೆ. ಥೂ ನನ್ನ ಬಾಯಿಗಿಷ್ಟು.

ಮಾರನೇ ಬೆಳಿಗ್ಗೆ ಹುಡುಗಿ ಬಂದಾಗ ಅವಳ ಎರಡು ಮೀನಖಂಡದ ಮೇಲೂ ಬಾಸುಂಡೆ ಎದ್ದಿದ್ದವು. ಹುಣಸೆ ಬರಲಿನ ಏಟು. ಕುಕ್ಕರಗಾಲಲ್ಲಿ ಕೂರಲಾಗದೆ ಕಾಲು ಚಾಚಿ ಕೂತು, ಮೂರು ಎಲೆ ಈ ಕಡೆ, ಮೂರು ಎಲೆ ಆ ಕಡೆ ಎಂದು ಕಟ್ಟುತ್ತಲೇ ಇದ್ದಳು. ಯಾರು ಹೊಡೆದದ್ದು ಅಂದರೆ ‘ತಾತ’ ಅಂದಳು. ಅವಳ ಮೇಲೆ ಒಂದು ದಿನವೂ ಕೈ ಮಾಡಿದವನಲ್ಲ.

‘ಅಕ್ಕ, ನಾನು ಸೇದಿಲ್ಲ. ಕಟ್ನಲ್ಲಿ ಒಂದೂ ಕಮ್ಮಿ ಇಲ್ಲ ಅಂದ್ರೂ ಕೇಳಲ್ಲ. ಇನ್ನೆಲ್ಲಿಂದ ತಂದು ಸೇದ್ದೆ ಅಂತ ಒಡೀತದೆ.’

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವನು ಡಾಕ್ಟರನ್ನು ನಂಬಿದ್ದ. ಮಕ್ಕಳ ಉಚ್ಚೆ ಸುಳ್ಳು ಹೇಳುವುದಿಲ್ಲ ಅನ್ನುವುದನ್ನು ನಂಬಿದ್ದ. ತಾನು ಸೇದಿಲ್ಲವೆಂದು ಅವನಿಗೆ ಗೊತ್ತು. ಹಾಗಾದರೆ ಉಳಿದವಳು ಇವಳೊಬ್ಬಳೇ. ಹಚ್ಚಿಕೊಡಲು ಕಲಿಸಿದವನು ತಾನೇ. ಅವನ ತರ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ, ನಾನು ಬಚ್ಚಿಟ್ಟದ್ದೊಂದನ್ನು ಬಿಟ್ಟು.

ಅಪ್ಪನ ಹತ್ತಿರ ಹೋಗಿ ಎಲ್ಲ ಹೇಳಿದೆ. ನನ್ನ ಬಾಟಲಿಯದೂ ಹೇಳಿದೆ. ಅಪ್ಪ ಸೊಪ್ಪಿನ ರಾಶಿಗೆ ಗೋಣಿ ಹೊದಿಸುತ್ತಿದ್ದವನು ತಲೆ ಎತ್ತಲಿಲ್ಲ. ‘ನೀನು ಕಟ್ಟಿಲ್ವಾ? ನಿಮ್ಮವ್ವ ಕಟ್ಟಿಲ್ವಾ? ಸತ್ತೋದ್ರಾ? ಕೊನೇ ಸುತ್ತಿನ ಸೊಪ್ಪು ಕಣ್ ಮಗ, ಎಂಟು ದಿನ ತಡಿ, ಆಮೇಲೆ ಯಾರಿಗ್ ಬೇಕಾದ್ರೂ ಏಳು.’

ಎಂಟು ದಿನ! ನನ್ನ ಅಪ್ಪನ ಮೇಲೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ. ಆದರೆ ಅದೇ ಮಾತನ್ನು ನಾನು ಎರಡು ತಿಂಗಳಿಂದ ನನಗೇ ಹೇಳಿಕೊಳ್ಳುತ್ತಿದ್ದೆನಲ್ಲ.

ತಾತ ಮನೆಯ ಮುಂದೆ ಗೋಡೆಗೆ ಒರಗಿ ಕೂತಿದ್ದ. ಬಾಗಿಲ ಚೌಕಟ್ಟಿನಲ್ಲಿ ಎರಡು ಮೊಳೆ ಹಾಗೇ ಇದ್ದವು. ನನ್ನನ್ನು ಕಂಡವನೇ, ‘ನಾನೇ ಕಲ್ಸಿದ್ದು ಕಣವ್ವ ಅವ್ಳಿಗೆ, ನಾನೇ’ ಎಂದು ಎದೆ ಗುದ್ದಿಕೊಂಡ. ನಾನು ನಿಂತುಕೊಂಡೇ ಹೇಳಿದೆ. ಅವಳು ಸೇದಿಲ್ಲ, ನೀನೂ ಸೇದಿಲ್ಲ, ಅದು ಹಸಿ ಸೊಪ್ಪು ಕಟ್ಟುವುದರಿಂದ ಕೈಯೊಳಗೆ ಇಳಿಯುತ್ತದೆ, ವಾಂತಿಯೂ ಅದರದ್ದೇ.

ಅವನು ಎದೆಯ ಮೇಲಿಂದ ಕೈ ಇಳಿಸಿದ. ಆಮೇಲೆ, ‘ಇದು ನಿಂಗೆ ಯಾವಾಗಿಂದ ಗೊತ್ತು?’ ಎಂದು ಕೇಳಿದ.

‘ಆಷಾಢದಿಂದ.’

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಎದ್ದು, ವಲ್ಲಿಬಟ್ಟೆ ಹೆಗಲಿಗೆ ಹಾಕಿಕೊಂಡು ನಮ್ಮ ಹಿತ್ತಲಿಗೆ ನಡೆದ. ನಾನು ಹಿಂದೆ ಹಿಂದೆ ಹೋದೆ. ಮೊಮ್ಮಗಳ ಕೈಯಿಂದ ದಾರ ಬಿಡಿಸಿದ, ಅವಳ ಎರಡೂ ಅಂಗೈಯನ್ನು ಮಗುಚಿ ನೋಡಿದ, ‘ಇಸ್ಕೂಲಿಗೋಗು’ ಅಂದ. ಅಪ್ಪ ‘ಏನಯ್ಯಾ ಇದು, ಅರ್ಧಕ್ಕೇ ಎಬ್ಬಿಸಿದ್ರೆ ಇದನ್ನ ಕಟ್ಟೋರ್ಯಾರು?’ ಎಂದು ಕೂಗಿದ. ತಾತ ಮಗು ಕೂತಿದ್ದ ಜಾಗದಲ್ಲಿ ತಾನೇ ಕೂತು, ಅರ್ಧ ಕಟ್ಟಿದ್ದ ಕಡ್ಡಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಅವನ ಬೆರಳು ಸೊಟ್ಟಗಾಗಿದ್ದವು, ಗಂಟು ಕೂರುತ್ತಿರಲಿಲ್ಲ, ಎಲೆ ಜಾರಿ ಜಾರಿ ಬೀಳುತ್ತಿತ್ತು. ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಕೊನೆಯ ಸುತ್ತು ಮುಗಿಯುವವರೆಗೂ ಅವನೇ ಬಂದ.

ಸರ್‌ಗೂ ಬರೆದೆ. ಫಾರಮ್ಮಿನ ಕೊನೆಯಲ್ಲಿ ‘ಇತರೆ’ ಎಂಬ ಎರಡು ಬೆರಳಗಲದ ಜಾಗವಿತ್ತು. ಅದರಲ್ಲಿ, ಮಗು ಹಸಿ ಹೊಗೆಸೊಪ್ಪು ಕಟ್ಟುತ್ತಿತ್ತು ಎಂದು ಬರೆದು, ನನ್ನ ಬಾಟಲಿಯೂ ಅದಲುಬದಲಾಗಿರಲಿಲ್ಲ ಎಂದು ಸೇರಿಸಿದೆ. ಅವರು ಓದಿ, ಕನ್ನಡಕ ತೆಗೆದು, ‘ನಮ್ಮ ಸ್ಟಡಿ ಸ್ಮೋಕಿಂಗ್ ಬಗ್ಗೆ ಅಲ್ವೇನಮ್ಮಾ? ಇದು ಬೇರೆ ವಿಷಯ’ ಎಂದು ಅದರ ಮೇಲೆ ಕೆಂಪು ಗೆರೆ ಎಳೆದರು. ತಾತನ ಹೆಸರಿನ ಮುಂದೆ ‘ಬಿಟ್ಟಿಲ್ಲ’ ಎಂದೇ ಉಳಿಯಿತು.

ಸೊಪ್ಪು ಕಟ್ಟುವ ಕೊನೆಯ ದಿನ ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟಿದ್ದೆ. ಹುಣಸೆಮರದ ಬುಡದಲ್ಲಿ ತಾತ ಮಂಡಿ ಹಿಡಿದುಕೊಂಡು ಬಗ್ಗಿ ಕಕ್ಕುತ್ತಿದ್ದ. ಅಮ್ಮ ಪಾನಕದ ಲೋಟ ಹಿಡಿದು ನಿಂತಿದ್ದಳು. ಅವನು ಕಪ್ಪಾದ ಬೆರಳುಗಳನ್ನು ದೂರ ಹಿಡಿದು, ಮೊಣಕೈಯಲ್ಲಿ ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದ.

‘ಬಾಟ್ಲಿ ಐತೇನವ್ವ? ಇದ್ರೆ ಕೊಡು. ಈಗ ನಂದು ತಕ್ಕೊಂಡೋಗು. ನಾನು ಸೇದ್ತೀನಿ ಅಂದ ನಿಮ್ ಸಾಯೇಬ್ರ ಮಾತು ಸುಳ್ಳಾಗೋದು ಬ್ಯಾಡ.’

‘ಇಲ್ಲ ತಾತ, ಮುಗಿದವು’ ಅಂದೆ. ಚೀಲದಲ್ಲಿ ಹನ್ನೆರಡು ಖಾಲಿ ಬಾಟಲಿಗಳಿದ್ದವು.